ಹಿನ್ನೆಲೆ, ಎರಡು ಸಾಲಿಗೆ ಮೀರದಂತೆ

ಏಳನೇ ಕಾಲಮ್ಮಿಗೆ ಬಂದು ಪೆನ್ನು ನಿಂತಿದೆ.
ಹೆಸರು ಬರೆದೆ, ಬ್ಯಾಂಕಿನ ಖಾತೆ ಬರೆದೆ,
ಶಾಲೆಗಳ ಪಟ್ಟಿ: ಗುಹ್ಯ, ಮಾಲ್ದಾರೆ, ಚೆನ್ನಯ್ಯನಕೋಟೆ.
ಇನ್ನು ಹಿನ್ನೆಲೆ.
ನಾಟಕದವರನ್ನು ಕೇಳಿದರೆ ಹಿನ್ನೆಲೆಯೆಂದರೆ
ಒಂದು ಹಳೇ ಸೀರೆ, ಎರಡು ಮೊಳೆ,
ಅದರ ಹಿಂದೆ ತಡವಾಗಿ ಡೋಲು ಬಡಿಯುವ ಒಬ್ಬ ಹುಡುಗ.
ಇಲಾಖೆಗೆ ಬೇಕಾದ್ದು ಅದಲ್ಲ.

ಹನ್ನೊಂದು ವರ್ಷ ಖಾಸಗಿ ಬಸ್ಸಿನ ಕಂಡಕ್ಟರು, ಸ್ವಾಮಿ.
ವಿರಾಜಪೇಟೆ, ಅಮ್ಮತ್ತಿ, ಸಿದ್ದಾಪುರ, ನೆಲ್ಯಹುದಿಕೇರಿ.
ಕೊನೇ ಸೀಟಿನ ಕಿವಿಮಂದ ಅಜ್ಜನಿಗೂ
ತನ್ನ ಊರು ಬಂದದ್ದು ತಿಳಿಯಬೇಕು,
ಮುಂದೆ ನಿದ್ದೆಹೋದ ಮಗು ಏಳಬಾರದು.
ದನಿಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅಷ್ಟೇ.
ಆಮೇಲೆ ಒಂದು ವರ್ಷ ರಂಗಶಾಲೆಯಲ್ಲಿ
ಅದಕ್ಕೇ ಬೇರೆ ಹೆಸರು ಕಲಿತೆ.

ನಮ್ಮಲ್ಲಿ ಹುಟ್ಟು ನಟರು ಯಾರೂ ಇಲ್ಲ.
ಭಾಗಮಂಡಲದ ಕಡೆಯ ದಮಯಂತಿ ಹೆರಿಗೆ ವಾರ್ಡಿನ ನರ್ಸು;
ಉಸಿರು ಹಿಡೀಬೇಡಮ್ಮ, ಬಿಡು, ಬಿಡು ಎಂದು
ಎಷ್ಟೋ ರಾತ್ರಿ ಹೇಳಿದವಳು
ಈಗ ಐದನೇ ಕ್ಲಾಸಿಗೆ ಅದನ್ನೇ ಹೇಳುತ್ತಾಳೆ, ಅದೇ ರಾಗದಲ್ಲಿ.
ರಿಟೈರಾದ ಹವಾಲ್ದಾರ್ ಬೆಳ್ಯಪ್ಪನವರು ಎರಡೇ ತಿಂಗಳಿದ್ದರು.
ಗೌರವಧನ ಬರಲಿಲ್ಲವೆಂದಲ್ಲ,
ಮಕ್ಕಳು ಸಾಲು ಮುರಿದಾಗ ನಗು ಬರುತ್ತಿತ್ತಂತೆ,
ಅದೇ ಅಭ್ಯಾಸವಾಗಿಬಿಟ್ಟರೆ ಎಂದು ಹೆದರಿದರು.
ನಾಪೋಕ್ಲಿನ ಸುಲೈಖಾ ಯೂನಿಫಾರಂ ಹೊಲಿಯುತ್ತಿದ್ದವರು.
ಭುಜದ ಅಳತೆ ತೆಗೆಯುವಾಗಲೇ ಹೇಳುತ್ತಾರೆ
ಇವನಿಗೆ ಮನೆಯಲ್ಲಿ ಏಟು ಬೀಳುತ್ತಿದೆ,
ಇವಳು ಹಾಕಿದ್ದು ಅಕ್ಕನ ಅಂಗಿ.
ಆಮೇಲೆ ಪಾತ್ರ ಹಂಚುತ್ತಾರೆ.
ತಾವು ಮಾತ್ರ ಇವತ್ತಿಗೂ ಪರದೆಯ ಈಚೆಗೆ ಬಂದಿಲ್ಲ.
ಯಾಕೆಂದು ಕೇಳಿದರೆ, ಬಾಯಲ್ಲಿ ಗುಂಡುಪಿನ್ನು.

ಮೊನ್ನೆ ಮಾಲ್ದಾರೆಯಲ್ಲಿ,
ಮೂರೂವರೆಗೆ ಬಿಡಲೇಬೇಕು, ಆನೆ ತೋಟಕ್ಕಿಳಿಯುವ ಮುಂಚೆ
ಲೈನ್‌ಮನೆಯ ಮಕ್ಕಳು ಜೀಪು ಹತ್ತಬೇಕು.
ಇದ್ದ ನಲವತ್ತು ನಿಮಿಷಕ್ಕೆ ಆನೆಯನ್ನೇ ಆಡೋಣ ಎಂದೆ.
ತೋಳನ್ನು ಸೊಂಡಿಲು ಮಾಡಿ, ಬೆಂಚು ನಡುಗುವಂತೆ ಹೆಜ್ಜೆಯಿಟ್ಟು
ಘೀಳಿಟ್ಟೆ. ಬಸ್‌ಸ್ಟ್ಯಾಂಡಿನ ದನಿ.
ಚಪ್ಪಾಳೆ ಬಿತ್ತು.
ಅಸ್ಸಾಮಿನಿಂದ ಬಂದು ನಾಲ್ಕು ತಿಂಗಳಾದ ಜೆಸ್ಮಿನಾ,
ಕನ್ನಡದಲ್ಲಿ ‘ಬಂದೆ ಸಾರ್’ ಒಂದನ್ನೇ ಕಲಿತವಳು, ಅವಳೂ ನಕ್ಕಳು.
ತೋಲ ನಗಲಿಲ್ಲ. ಎರವರ ಹುಡುಗ,
ಹಾಜರಿಗೂ ಕೈಯಷ್ಟೇ ಎತ್ತುವವನು.
‘ಆನೆ ಸದ್ದು ಮಾಡಲ್ಲ, ಡ್ರಾಮಾ ಸಾರು.’

ಚಪ್ಪಲಿ ಬಿಟ್ಟು ಬಾಗಿಲಿನಿಂದ ಬಂದ.
ಕೈ ಸೊಂಡಿಲಾಗಲಿಲ್ಲ, ಎರಡೂ ಪಕ್ಕದಲ್ಲೇ ಇದ್ದವು.
ಪಾದದ ಹೊರ ಅಂಚು ಮೊದಲು, ಆಮೇಲೆ ಪಾದ, ಆಮೇಲೆ ಭಾರ.
ನಿಂತ.
ನಾವೂ ನಿಂತಿದ್ದೆವು, ಯಾವಾಗ ಎದ್ದೆವೋ.
ದಾರಿ ಬಿಟ್ಟೆವು.
ಜೆಸ್ಮಿನಾಳ ನೆತ್ತಿಯ ಬಳಿ ಒಂದು ಉಸಿರು ತಡೆದು
ತಿರುಗಿ, ಕಪ್ಪುಹಲಗೆಯ ಪಕ್ಕ ಮರೆಯಾದ.
ಮರೆಯಾಗಲು ಅಲ್ಲಿ ಏನೂ ಇರಲಿಲ್ಲ.

ಯಾರು ಕಲಿಸಿದರೆಂದು ನಾನು ಕೇಳಲಿಲ್ಲ.
ಆರು ವರ್ಷದ ಕೆಳಗೆ, ಬೆಳಗಿನ ಟ್ರಿಪ್ಪು,
ತೋಟದ ಗೇಟಿನಲ್ಲಿ ಸಿಕ್ಕ ಸೈಕಲ್ಲಿನ ಸುದ್ದಿಯನ್ನು
ಟಿಕೆಟ್ ಹರಿಯುತ್ತ ಕೇಳಿದ್ದೆ, ಚಿಲ್ಲರೆ ಎಣಿಸುತ್ತ.
ಕ್ಯಾರಿಯರಿನಲ್ಲಿದ್ದ ಮಗು ಉಳಿಯಿತಂತೆ,
ಒಂದು ಸದ್ದು ಮಾಡಲಿಲ್ಲವಂತೆ, ಎಂದಿದ್ದರು ಯಾರೋ.
ಆ ಮಗುವಿಗೆ ಈಗ ಹತ್ತಾಗಿರಬೇಕು.

ಎರಡು ಸಾಲು. ಬರೆದೆ:
ಬಸ್ ಕಂಡಕ್ಟರ್, ಹನ್ನೊಂದು ವರ್ಷ.
ರಂಗಶಿಕ್ಷಣ, ಒಂದು ವರ್ಷ.
ಮಾಲ್ದಾರೆ, ನಲವತ್ತು ನಿಮಿಷ.
ಮೂರನೆಯದನ್ನು ಹೊಡೆದುಹಾಕಿದೆ.
ಖಾತೆಗೆ ಹಣ ಬರಬೇಕಲ್ಲ.

ಸಂಜೆಯ ಬಸ್ಸಿನಲ್ಲಿ ಹೊಸ ಹುಡುಗ, ಸೀಟಿ ಜಾಸ್ತಿ, ದನಿ ಕಡಿಮೆ.
ನನ್ನ ಸ್ಟಾಪು ದಾಟಿತು. ಕೂಗಬಹುದಿತ್ತು.
ಮುಂದಿನದರಲ್ಲಿ ಇಳಿದು ಹಿಂದಕ್ಕೆ ನಡೆದೆ,
ಪಾದದ ಹೊರ ಅಂಚು ಮೊದಲು,
ಆಮೇಲೆ ಪಾದ.
ಜಲ್ಲಿ ಪ್ರತಿ ಸಲವೂ ಸದ್ದು ಮಾಡಿತು.